ಡ್ರೈ ಟಾರ್ಟುಗಾಸ್: ಕುಡಿಯುವ ನೀರನ್ನೂ ಹೊತ್ತೊಯ್ದು ಡೇರೆ ಹೂಡಬೇಕಾದ ದ್ವೀಪ

ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿರುವ ಕೀ ವೆಸ್ಟ್ ಪಟ್ಟಣಕ್ಕೆ ಬಂದವರು ರಸ್ತೆ ಅಲ್ಲಿಗೇ ಮುಗಿಯಿತೆಂದು ಭಾವಿಸುತ್ತಾರೆ. ರಸ್ತೆ ಮುಗಿಯುವುದು ನಿಜ. ಆದರೆ ಅಲ್ಲಿಂದ ಪಶ್ಚಿಮಕ್ಕೆ ಸುಮಾರು 113 ಕಿ.ಮೀ. ದೂರದ ಕಡಲಿನಲ್ಲಿ ಇನ್ನೂ ಏಳು ಕಿರುದ್ವೀಪಗಳಿವೆ. ಮರಳು ಮತ್ತು ಹವಳದ ಚೂರುಗಳಿಂದ ರೂಪುಗೊಂಡ ಈ ದ್ವೀಪಗಳನ್ನೂ ಸುತ್ತಲಿನ ಸಮುದ್ರವನ್ನೂ ಸೇರಿಸಿ ಡ್ರೈ ಟಾರ್ಟುಗಾಸ್ ರಾಷ್ಟ್ರೀಯ ಉದ್ಯಾನವೆಂದು 1992ರಲ್ಲಿ ಘೋಷಿಸಲಾಯಿತು. ಉದ್ಯಾನದ ವಿಸ್ತೀರ್ಣ ಸುಮಾರು 260 ಚದರ ಕಿ.ಮೀ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ. ಆದರೆ ಆ ನೀರಿನಲ್ಲಿ ಕುಡಿಯಲು ಯೋಗ್ಯವಾದ ಒಂದು ಲೋಟ ನೀರೂ ಇಲ್ಲ.

ಈ ಸಮೂಹದ ಗಾರ್ಡನ್ ಕೀ ಎಂಬ ದ್ವೀಪದಲ್ಲಿ ಸಾರ್ವಜನಿಕರು ಡೇರೆ ಹೂಡಿ ರಾತ್ರಿ ಕಳೆಯಲು ಅವಕಾಶವಿದೆ. ಅಲ್ಲಿ ಹೋಟೆಲಿಲ್ಲ, ಅಂಗಡಿಯಿಲ್ಲ, ಮೊಬೈಲ್ ಸಂಪರ್ಕವಿಲ್ಲ, ಸ್ನಾನದ ವ್ಯವಸ್ಥೆಯಿಲ್ಲ. ದಿನದ ಮಟ್ಟಿಗೆ ಬಂದುಹೋಗುವವರಿಗೆ ನೀರಿನ ಮೇಲೆ ಇಳಿಯುವ ಪುಟ್ಟ ವಿಮಾನವೂ ಉಂಟು. ಸರಂಜಾಮು ಹೊತ್ತು ಬರುವ ಶಿಬಿರವಾಸಿಗಳಿಗಾದರೋ ಬಹುಮಟ್ಟಿಗೆ ದೋಣಿಯೇ ದಾರಿ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯಲ್ಲಿ ಹೋಗಿಬಂದ ಕನ್ನಡಿಗರಿಗೆ ದೋಣಿಯ ಪಯಣವೇನೂ ಹೊಸದಲ್ಲ. ಆದರೆ ಅಲ್ಲಿ ಸಂಜೆಗೆ ಎಲ್ಲರೂ ದಡಕ್ಕೆ ಮರಳಲೇಬೇಕು, ರಾತ್ರಿ ತಂಗುವಂತಿಲ್ಲ. ಗಾರ್ಡನ್ ಕೀಯಲ್ಲಿ ಸಂಜೆಯ ನಂತರವೇ ದ್ವೀಪದ ನಿಜವಾದ ಪರಿಚಯ ಆರಂಭವಾಗುತ್ತದೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಾಗಲಿ, ಅವರ ಮನೆಗೆ ಹೋಗುವ ಬಂಧುಗಳಾಗಲಿ ಅಲ್ಲಿಗೆ ಹೊರಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಹಲವು. ಅವುಗಳಲ್ಲಿ ಮೊದಲನೆಯದು ಹೆಸರಿನಲ್ಲಿಯೇ ಅಡಗಿದೆ.

ಹೆಸರೇ ಎಚ್ಚರಿಕೆ

ಸ್ಪೇನಿನ ನಾವಿಕ ಪೋನ್ಸ್ ಡಿ ಲಿಯೋನ್ 1513ರ ಜೂನ್ ತಿಂಗಳಿನಲ್ಲಿ ಇಲ್ಲಿಗೆ ಬಂದ. ಅವನ ಜನರು ನೂರಕ್ಕೂ ಹೆಚ್ಚು ಕಡಲಾಮೆಗಳನ್ನು ಹಿಡಿದು ಹಡಗಿಗೆ ತುಂಬಿಕೊಂಡರು. ತಾಜಾ ಮಾಂಸವಿಲ್ಲದ ದೀರ್ಘ ಕಡಲಯಾನದಲ್ಲಿ ಆಮೆ ಎಂದರೆ ಜೀವಂತ ಉಗ್ರಾಣವಿದ್ದಂತೆ. ಸ್ಪ್ಯಾನಿಷ್ ಭಾಷೆಯಲ್ಲಿ 'ಟಾರ್ಟುಗಾಸ್' ಎಂದರೆ ಆಮೆಗಳು. ಅದೇ ಹೆಸರು ದ್ವೀಪಗಳಿಗೆ ಉಳಿಯಿತು. ಅಂದು ಅವರು ಸೀಲ್ ಪ್ರಾಣಿಗಳನ್ನೂ ಕೊಂದರೆಂದು ದಾಖಲೆಗಳು ಹೇಳುತ್ತವೆ. ಆ ಕೆರಿಬಿಯನ್ ಸೀಲ್ ಸಂತತಿಯೇ ಅಳಿದುಹೋಗಿದೆಯೆಂದು ಅಮೆರಿಕ ಸರಕಾರ 2008ರಲ್ಲಿ ಅಧಿಕೃತವಾಗಿ ಪ್ರಕಟಿಸಿತು.

'ಡ್ರೈ', ಅಂದರೆ 'ಒಣ' ಎಂಬ ವಿಶೇಷಣ ಅನಂತರ ನಕಾಶೆಗಳಲ್ಲಿ ಸೇರಿಕೊಂಡದ್ದು. ಇಲ್ಲಿ ಸಿಹಿನೀರು ಸಿಗದು, ನಂಬಿ ಬರಬೇಡಿ ಎಂದು ಒಬ್ಬ ನಾವಿಕನು ಇನ್ನೊಬ್ಬನಿಗೆ ಹೇಳುವ ಮಾತು ಅದು. ಇಂದಿಗೂ ಈ ದ್ವೀಪಕ್ಕೆ ಹೋಗುವವರು ಓದಬೇಕಾದ ಮೊದಲ ನಿಯಮ ಅದೇ.

ನೀರಿನ ಲೆಕ್ಕ, ಹೊರೆಯ ಲೆಕ್ಕ

ಕೀ ವೆಸ್ಟ್ ಬಂದರಿನಿಂದ 'ಯಾಂಕೀ ಫ್ರೀಡಮ್' ಎಂಬ ಪ್ರಯಾಣಿಕರ ಹಡಗು ಬೆಳಿಗ್ಗೆ 8 ಗಂಟೆಗೆ ಹೊರಟು ಎರಡೂಕಾಲು ಗಂಟೆಯಲ್ಲಿ ದ್ವೀಪ ತಲುಪುತ್ತದೆ. ಮಧ್ಯಾಹ್ನ 3ರ ಸುಮಾರಿಗೆ ಹಿಂದಿರುಗುತ್ತದೆ. ಅದರಲ್ಲಿ ನೂರಕ್ಕೂ ಹೆಚ್ಚು ಜನ ಬಂದರೂ ಡೇರೆ ಸಮೇತ ಹತ್ತುವವರಿಗೆ ದಿನಕ್ಕೆ ಹತ್ತೇ ಸ್ಥಾನ. ಪ್ರತಿಯೊಬ್ಬರ ಸರಂಜಾಮು 60 ಪೌಂಡ್, ಎಂದರೆ ಸುಮಾರು 27 ಕಿಲೋ ಮೀರುವಂತಿಲ್ಲ. ನೀರನ್ನು ಮಾತ್ರ ಈ ತೂಕದಲ್ಲಿ ಸೇರಿಸುವುದಿಲ್ಲ. ನೀರಿಗೆ ಮಿತಿ ಹಾಕಿದರೆ ಜನ ಕಡಿಮೆ ನೀರು ತರುತ್ತಾರೆ, ಕಡಿಮೆ ನೀರು ತಂದವರನ್ನು ದ್ವೀಪ ಕಾಪಾಡುವುದಿಲ್ಲ. ಆದುದರಿಂದ ಈ ವಿನಾಯಿತಿ ವಿವೇಕದ್ದೇ ಸರಿ.

ಒಬ್ಬರಿಗೆ ದಿನಕ್ಕೆ ಕನಿಷ್ಠ ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರು ಬೇಕೆಂಬುದು ಇಂಥ ಸ್ಥಳಗಳಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ. ನಾಲ್ಕು ಮಂದಿಯ ಕುಟುಂಬವೊಂದು ಎರಡು ರಾತ್ರಿ, ಮೂರು ದಿನ ಇರುವುದಾದರೆ 45 ಲೀಟರ್ ಮೀರುತ್ತದೆ. ಕುಡಿಯುವುದು, ಅಡುಗೆ, ಪಾತ್ರೆ ತೊಳೆಯುವುದು, ಉಪ್ಪುನೀರಿನಲ್ಲಿ ಈಜಿ ಬಂದ ಮಕ್ಕಳ ಮುಖ ತೊಳೆಯುವುದು ಎಲ್ಲವೂ ಇದರಲ್ಲಿಯೇ ಆಗಬೇಕು. ಹವಾಮಾನ ಕೆಟ್ಟು ಮರುದಿನ ಹಡಗು ಬಾರದಿದ್ದರೆ? ಆ ಸಾಧ್ಯತೆಗಾಗಿ ಇನ್ನೊಂದು ದಿನದ ನೀರೂ ಆಹಾರವೂ ಹೆಚ್ಚುವರಿಯಾಗಿ ಇರಲೇಬೇಕು. ನಮ್ಮವರು ಪ್ರವಾಸಕ್ಕೆ ಹೊರಡುವಾಗ ಅವಲಕ್ಕಿ ಕಟ್ಟಿಕೊಳ್ಳುವುದು ವಾಡಿಕೆ. ಇಲ್ಲಿ ಅದನ್ನು ನೆನೆಸುವ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬುತ್ತಿಯಾಗಿ ಚಪಾತಿ, ಚಟ್ನಿಪುಡಿ, ಹುರಿಗಾಳು ಹೆಚ್ಚು ಅನುಕೂಲ.

ಅಡುಗೆಯ ವಿಷಯದಲ್ಲಿಯೂ ಕಟ್ಟುನಿಟ್ಟುಂಟು. ಗ್ಯಾಸ್ ಡಬ್ಬಿ, ಸೀಮೆಎಣ್ಣೆ ಮುಂತಾದ ಇಂಧನಗಳನ್ನು ಪ್ರಯಾಣಿಕರ ಹಡಗಿನಲ್ಲಿ ಒಯ್ಯುವಂತಿಲ್ಲ. ಎಣ್ಣೆ ಸುರಿಯದೆ ತಾನಾಗಿ ಹೊತ್ತಿಕೊಳ್ಳುವ ಇದ್ದಿಲಿಗೆ ಮಾತ್ರ ಅನುಮತಿ. ಶಿಬಿರದ ಜಾಗದಲ್ಲಿ ಕಬ್ಬಿಣದ ಜಾಲರಿಯ ಒಲೆಗಳಿವೆ. ಸೌದೆ ಉರಿಸುವಂತಿಲ್ಲ. ಉರಿಸೋಣವೆಂದರೂ ದ್ವೀಪದಲ್ಲಿ ಇರುವುದು ಬೆರಳೆಣಿಕೆಯ ಮರಗಳು, ಅವುಗಳ ನೆರಳೇ ಹಗಲಿನಲ್ಲಿ ದೊಡ್ಡ ಆಸ್ತಿ.

ಪ್ರತ್ಯೇಕ ಡೇರೆಗಳಿಗೆ ಎಂಟು ಜಾಗಗಳನ್ನು ಗುರುತಿಸಲಾಗಿದೆ. ಒಂದು ಜಾಗಕ್ಕೆ ರಾತ್ರಿಗೆ 15 ಡಾಲರ್ ಶುಲ್ಕ. ಮೊದಲು ಬಂದವರಿಗೆ ಮೊದಲ ಆಯ್ಕೆ. ಅವು ಭರ್ತಿಯಾದರೆ ಪಕ್ಕದ ಬಯಲಿನಲ್ಲಿ ಹಂಚಿಕೊಂಡು ಇರಬಹುದು. ಆಹಾರವನ್ನು ಗಟ್ಟಿ ಡಬ್ಬಿಗಳಲ್ಲಿ ಭದ್ರಪಡಿಸದಿದ್ದರೆ ರಾತ್ರಿ ಇಲಿಗಳೂ ಶಂಖದ ಚಿಪ್ಪನ್ನು ಹೊತ್ತು ತಿರುಗುವ ಏಡಿಗಳೂ ಪಾಲು ಕೇಳಲು ಬರುತ್ತವೆ. ಪ್ಲಾಸ್ಟಿಕ್ ಚೀಲವಾಗಲಿ ಡೇರೆಯ ಬಟ್ಟೆಯಾಗಲಿ ಇಲಿಗೆ ಅಡ್ಡಿಯಲ್ಲ. ಕಸದ ತೊಟ್ಟಿಗಳಿಲ್ಲ. ತಂದದ್ದರಲ್ಲಿ ಮಿಕ್ಕದ್ದು, ಹಣ್ಣಿನ ಸಿಪ್ಪೆಯವರೆಗೆ, ತಂದವರ ಜೊತೆಯಲ್ಲಿಯೇ ಹಿಂದಿರುಗಬೇಕು. ಮಲವನ್ನು ಗೊಬ್ಬರವಾಗಿಸುವ ಮಾದರಿಯ ಶೌಚಾಲಯಗಳಿವೆ. ಹಗಲಿನಲ್ಲಿ ಹಡಗು ತಂಗಿರುವಷ್ಟು ಹೊತ್ತು ಅವನ್ನು ಮುಚ್ಚಿ, ಎಲ್ಲರೂ ಹಡಗಿನ ಶೌಚಾಲಯವನ್ನೇ ಬಳಸುವಂತೆ ಮಾಡಲಾಗುತ್ತದೆ.

ಇಷ್ಟೊಂದು ಕಟ್ಟಳೆ ಏಕೆಂದು ಹೊಸಬರಿಗೆ ಅನ್ನಿಸುವುದು ಸಹಜ. ಉತ್ತರಕ್ಕೆ ದೂರ ಹೋಗಬೇಕಾಗಿಲ್ಲ, ಡೇರೆಗಳ ಬೆನ್ನಿಗೇ ಅದು ನಿಂತಿದೆ.

ಕೋಟೆ ಕಟ್ಟಿದವರು ನೀರಿಗೆ ಸೋತರು

ಗಾರ್ಡನ್ ಕೀಯ ಬಹುಭಾಗವನ್ನು ಆಕ್ರಮಿಸಿರುವುದು ಜೆಫರ್ಸನ್ ಕೋಟೆ. ಮೆಕ್ಸಿಕೋ ಕೊಲ್ಲಿಗೆ ಹೋಗಿಬರುವ ಹಡಗುಗಳ ದಾರಿಯನ್ನು ಕಾಯುವ ಉದ್ದೇಶದಿಂದ ಅಮೆರಿಕದ ಸೇನೆ 1846ರಲ್ಲಿ ಇದರ ನಿರ್ಮಾಣ ಆರಂಭಿಸಿತು. ಆರು ಮೂಲೆಯ ಈ ಕೋಟೆಗೆ ಬಳಸಿದ ಇಟ್ಟಿಗೆಗಳ ಸಂಖ್ಯೆ ಸುಮಾರು 1 ಕೋಟಿ 60 ಲಕ್ಷ. ಅಮೆರಿಕ ಖಂಡಗಳಲ್ಲಿಯೇ ಅತಿ ದೊಡ್ಡ ಇಟ್ಟಿಗೆ ಕಟ್ಟಡವಿದು. ಒಂದೊಂದು ಇಟ್ಟಿಗೆಯೂ ಹಡಗಿನಲ್ಲಿ ಬಂದದ್ದು. ಕೀ ವೆಸ್ಟ್‌ನ ಒಡೆಯರಿಂದ ಬಾಡಿಗೆಗೆ ಪಡೆದ ಗುಲಾಮರ ದುಡಿಮೆ ಇದರ ಅಡಿಪಾಯದಲ್ಲಿದೆ. ಗೋಡೆಯ ಕೆಳಭಾಗದ ಬಣ್ಣವೇ ಬೇರೆ, ಮೇಲ್ಭಾಗದ ಕೆಂಪೇ ಬೇರೆ. 1861ರಲ್ಲಿ ಅಂತರ್ಯುದ್ಧ ಆರಂಭವಾದೊಡನೆ ದಕ್ಷಿಣದ ಇಟ್ಟಿಗೆ ಬರುವುದು ನಿಂತು ಉತ್ತರದ ಮೇನ್ ರಾಜ್ಯದಿಂದ ತರಿಸಬೇಕಾಯಿತು. ಆ ಯುದ್ಧದ ಗಡಿರೇಖೆ ಗೋಡೆಯ ಮೇಲೆ ಹಾಗೆಯೇ ಉಳಿದಿದೆ. ಸುಮಾರು ಮೂವತ್ತು ವರ್ಷ ಕೆಲಸ ನಡೆದರೂ ಕೋಟೆ ಪೂರ್ಣಗೊಳ್ಳಲಿಲ್ಲ.

ನೀರಿನ ಸಮಸ್ಯೆ ಎಂಜಿನಿಯರುಗಳಿಗೆ ಗೊತ್ತಿರಲಿಲ್ಲವೆಂದಲ್ಲ. ಮಳೆಯ ನೀರು ಮೇಲ್ಭಾಗದಿಂದ ಮರಳು ತುಂಬಿದ ಸ್ತಂಭಗಳ ಮೂಲಕ ಸೋಸಿ ಇಳಿದು, ನೆಲದಡಿಯ ನೂರಕ್ಕೂ ಹೆಚ್ಚು ತೊಟ್ಟಿಗಳಲ್ಲಿ ಸಂಗ್ರಹವಾಗಬೇಕೆಂಬುದು ಅವರ ಯೋಜನೆ. ಕಾಗದದ ಮೇಲೆ ಅದು ಸೊಗಸಾದ ಯೋಜನೆ. ಆದರೆ ಕೋಟೆ ನಿಂತಿರುವುದು ಗಟ್ಟಿ ಬಂಡೆಯ ಮೇಲಲ್ಲ, ಮರಳು ಮತ್ತು ಹವಳದ ಪುಡಿಯ ಮೇಲೆ. ಇಟ್ಟಿಗೆಯ ಭಾರ ಏರಿದಂತೆ ಕಟ್ಟಡ ಕುಸಿಯತೊಡಗಿತು. ತೊಟ್ಟಿಗಳು ಬಿರುಕು ಬಿಟ್ಟವು. ಬಿರುಕಿನಿಂದ ಸಮುದ್ರದ ನೀರು ಒಳಗೆ ಬಂದು ಸಿಹಿನೀರು ಕೆಟ್ಟಿತು. ಕೊನೆಗೆ ಕಡಲ ನೀರನ್ನು ಕಾಯಿಸಿ ಹಬೆಯಿಂದ ಸಿಹಿನೀರು ಪಡೆಯುವ ಯಂತ್ರಗಳನ್ನು ತರಿಸಬೇಕಾಯಿತು. ಆ ಯಂತ್ರಗಳಿಗೆ ಬೇಕಾದ ಇಂಧನವೂ ಹಡಗಿನಲ್ಲಿಯೇ ಬರಬೇಕು. ಯುದ್ಧದ ದಿನಗಳಲ್ಲಿ ಈ ಪುಟ್ಟ ನೆಲದ ಮೇಲೆ ಸೈನಿಕರು, ಕೈದಿಗಳು, ಕೆಲಸಗಾರರು ಎಲ್ಲ ಸೇರಿ ಸಾವಿರಕ್ಕೂ ಹೆಚ್ಚು ಜನ ತುಂಬಿಕೊಂಡಿದ್ದರು.

ಕೊಳಕು ನೀರಿನ ಕಥೆಯೂ ಅಷ್ಟೇ. ಶೌಚದ ಕೊಳೆ ಕೋಟೆಯ ಸುತ್ತಲಿನ ಕಂದಕಕ್ಕೆ ಬಿದ್ದು, ಉಬ್ಬರವಿಳಿತಕ್ಕೆ ಸಿಕ್ಕಿ ಕಡಲು ಸೇರುವುದೆಂದು ನಂಬಲಾಗಿತ್ತು. ಕಡಲು ಅಷ್ಟೊಂದು ಉಪಕಾರ ಮಾಡಲಿಲ್ಲ. ಕಂದಕ ನಾರತೊಡಗಿತು. ಹಡಗು ನಿಂತಿರುವಾಗ ದ್ವೀಪದ ಶೌಚಾಲಯಕ್ಕೆ ಬೀಗ ಹಾಕುವುದನ್ನು ಕಂಡು ಗೊಣಗುವ ಪ್ರವಾಸಿ ಈ ಕಂದಕದ ಇತಿಹಾಸವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

1867ರ ಜ್ವರ

ಈ ಕೋಟೆಯ ಅತಿ ಪ್ರಸಿದ್ಧ ಕೈದಿ ಡಾ. ಸ್ಯಾಮ್ಯುಯೆಲ್ ಮಡ್. ಅಧ್ಯಕ್ಷ ಅಬ್ರಹಾಂ ಲಿಂಕನ್ನರನ್ನು 1865ರ ಏಪ್ರಿಲ್‌ನಲ್ಲಿ ಗುಂಡಿಟ್ಟು ಕೊಂದ ಜಾನ್ ವಿಲ್ಕ್ಸ್ ಬೂತ್ ಪರಾರಿಯಾಗುವಾಗ ಅವನ ಮುರಿದ ಕಾಲಿಗೆ ಪಟ್ಟಿ ಕಟ್ಟಿದ ವೈದ್ಯ ಈತ. ಸಂಚಿನಲ್ಲಿ ಪಾಲುಗೊಂಡ ಆರೋಪದ ಮೇಲೆ ಜೀವಾವಧಿ ಶಿಕ್ಷೆಯಾಗಿ, ಇತರ ಮೂವರೊಡನೆ 1865ರ ಜುಲೈಯಲ್ಲಿ ಇಲ್ಲಿಗೆ ಬಂದ. ಮಡ್ ನಿರಪರಾಧಿಯೇ ಅಲ್ಲವೇ ಎಂಬ ವಾದ ಅಮೆರಿಕದಲ್ಲಿ ಇಂದಿಗೂ ಮುಗಿದಿಲ್ಲ.

1867ರ ಆಗಸ್ಟ್‌ನಲ್ಲಿ ಕೋಟೆಯಲ್ಲಿ ಹಳದಿ ಜ್ವರ ಕಾಣಿಸಿಕೊಂಡಿತು. ಅಲ್ಲಿದ್ದ ಸುಮಾರು 400 ಜನರಲ್ಲಿ 270 ಮಂದಿ ಹಾಸಿಗೆ ಹಿಡಿದರು. 38 ಮಂದಿ ಸತ್ತರು. ಸೇನೆಯ ವೈದ್ಯ ಜೋಸೆಫ್ ಸಿಮ್ ಸ್ಮಿತ್ ಕೂಡ ಜ್ವರಕ್ಕೆ ಬಲಿಯಾದಾಗ, ಕೈದಿಯಾಗಿದ್ದ ಮಡ್ ಚಿಕಿತ್ಸೆಯ ಹೊಣೆ ಹೊತ್ತ. ಲಿಂಕನ್ ಪ್ರಕರಣದ ಇನ್ನೊಬ್ಬ ಕೈದಿ ಮೈಕೆಲ್ ಓಲಾಫ್ಲಿನ್ ಅವನ ಕಣ್ಣೆದುರೇ ತೀರಿಕೊಂಡ. ಮಡ್‌ಗೂ ಜ್ವರ ಬಂದಿತು, ಆದರೆ ಬದುಕಿದ. ಬದುಕುಳಿದ ಸೈನಿಕರು ಅವನ ಬಿಡುಗಡೆಗಾಗಿ ಮನವಿ ಬರೆದರು. ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ 1869ರ ಫೆಬ್ರವರಿಯಲ್ಲಿ ಕ್ಷಮಾದಾನ ನೀಡಿದರು. ಅವನಿದ್ದ ಕೋಣೆಯನ್ನು ಪ್ರವಾಸಿಗರು ಇಂದೂ ನೋಡಬಹುದು.

ಹಳದಿ ಜ್ವರ ಸೊಳ್ಳೆಯಿಂದ ಹರಡುತ್ತದೆಂಬುದು ಖಚಿತವಾದದ್ದು 1900ರಲ್ಲಿ, ಕ್ಯೂಬಾದಲ್ಲಿ ವಾಲ್ಟರ್ ರೀಡ್ ನೇತೃತ್ವದ ವೈದ್ಯರ ತಂಡ ನಡೆಸಿದ ಪ್ರಯೋಗಗಳಿಂದ. 1867ರಲ್ಲಿ ಕೆಟ್ಟ ಗಾಳಿಯೇ ಕಾರಣವೆಂದು ನಂಬಿದ್ದರು. ಡೆಂಗೆ ಹರಡುವ ಈಡಿಸ್ ಸೊಳ್ಳೆಯೇ ಇದನ್ನೂ ಹರಡುತ್ತದೆ. ಅದು ಮೊಟ್ಟೆಯಿಡುವುದು ಉಪ್ಪುನೀರಿನಲ್ಲಲ್ಲ, ಜನರು ಕೂಡಿಟ್ಟ ಸಿಹಿನೀರಿನಲ್ಲಿ. ಸಿಹಿನೀರಿಲ್ಲದ ದ್ವೀಪದಲ್ಲಿ ಬದುಕಲು ಸಂಗ್ರಹಿಸಿದ ನೀರೇ ಸೊಳ್ಳೆಗೂ ನೆಲೆ ಒದಗಿಸುವಂಥದು.

1874ರಲ್ಲಿ ಸೇನೆ ಕೋಟೆಯನ್ನು ಬಿಟ್ಟು ಹೋಯಿತು. ಅನಂತರ ಕೆಲಕಾಲ ಇದು ಹಡಗಿನ ರೋಗಿಗಳನ್ನು ಪ್ರತ್ಯೇಕವಾಗಿಡುವ ಕೇಂದ್ರವಾಗಿತ್ತು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1935ರಲ್ಲಿ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು.

ಮಧ್ಯಾಹ್ನ ಮೂರರ ನಂತರ

ಹಗಲಿನಲ್ಲಿ ಕೋಟೆಯ ಅಂಗಳ ಜನರಿಂದ ಗಿಜಿಗುಡುತ್ತದೆ. ಹಡಗು ಹೊರಟ ಮೇಲೆ ಉಳಿಯುವವರು ಡೇರೆಗಳ ಕೆಲವು ಜನ, ಲಂಗರು ಹಾಕಿದ ಖಾಸಗಿ ದೋಣಿಗಳವರು ಮತ್ತು ಉದ್ಯಾನದ ಸಿಬ್ಬಂದಿ ಮಾತ್ರ. ಕಂದಕದ ಹೊರಗೋಡೆಯ ಮೇಲೆ ನಡೆಯುತ್ತ ಒಂದು ಬದಿಗೆ ನಿಶ್ಚಲವಾದ ನೀರು, ಇನ್ನೊಂದು ಬದಿಗೆ ತೆರೆದ ಕಡಲು ಕಾಣಬಹುದು. ಹಿಂದೆ ಯುದ್ಧನೌಕೆಗಳಿಗೆ ಕಲ್ಲಿದ್ದಲು ತುಂಬಿಸುತ್ತಿದ್ದ ಕಟ್ಟೆಗಳ ಕಬ್ಬಿಣದ ಕಂಬಗಳು ಈಗ ನೀರಿನಲ್ಲಿ ಅರೆಮುಳುಗಿ ನಿಂತಿವೆ. ಅವುಗಳ ಸುತ್ತ ಹವಳ ಬೆಳೆದು ಬಣ್ಣದ ಮೀನುಗಳು ನೆಲೆಸಿವೆ. ಉಸಿರುಕೊಳವೆ ಮತ್ತು ಕನ್ನಡಕ ಧರಿಸಿ ದಡದಿಂದಲೇ ಈಜಿ ಅವನ್ನು ನೋಡಬಹುದು. ನೀರಿನಡಿಯ ಮೊತ್ತಮೊದಲ ವರ್ಣಚಿತ್ರಗಳನ್ನು ವಿಲಿಯಂ ಲಾಂಗ್ಲೆ ಮತ್ತು ಚಾರ್ಲ್ಸ್ ಮಾರ್ಟಿನ್ 1926ರಲ್ಲಿ ತೆಗೆದದ್ದು ಇದೇ ಡ್ರೈ ಟಾರ್ಟುಗಾಸ್‌ನಲ್ಲಿ. ಆಗ ಪಕ್ಕದ ಲಾಗರ್‌ಹೆಡ್ ಕೀ ದ್ವೀಪದಲ್ಲಿ ಕಾರ್ನೆಗಿ ಸಂಸ್ಥೆಯ ಕಡಲ ಸಂಶೋಧನಾಲಯವಿತ್ತು.

ಕಂದಕದಲ್ಲಿ ಹಲವು ವರ್ಷ ಒಂಟಿ ಮೊಸಳೆಯೊಂದು ವಾಸವಾಗಿತ್ತು. ಅದು ಎಲ್ಲಿಂದ, ಹೇಗೆ ಅಷ್ಟು ದೂರ ಬಂದಿತೋ! ಪ್ರವಾಸಿಗರೊಡನೆ ಅದರ ಸಲುಗೆ ಅಪಾಯಕ್ಕೆ ತಿರುಗೀತೆಂದು 2017ರಲ್ಲಿ ಅದನ್ನು ಹಿಡಿದು ಎವರ್‌ಗ್ಲೇಡ್ಸ್ ಜೌಗು ಪ್ರದೇಶಕ್ಕೆ ಸಾಗಿಸಲಾಯಿತು.

ರಾತ್ರಿ ನಿಶ್ಶಬ್ದವಾಗಿರುತ್ತದೆಂದು ನಿರೀಕ್ಷಿಸಿ ಹೋದವರು ವಸಂತ ಮತ್ತು ಬೇಸಿಗೆಯಲ್ಲಿ ಬೆರಗಾಗುತ್ತಾರೆ. ಕೂಗಳತೆಯ ಬುಷ್ ಕೀ ದ್ವೀಪದಲ್ಲಿ ಸೂಟಿ ಟರ್ನ್ ಎಂಬ ಕಪ್ಪು ಬಿಳುಪಿನ ಕಡಲಹಕ್ಕಿಗಳು ಹತ್ತಾರು ಸಾವಿರ ಸಂಖ್ಯೆಯಲ್ಲಿ ಮರಿ ಮಾಡುತ್ತವೆ. ಇವುಗಳ ಕೂಗು ಇಂಗ್ಲಿಷಿನ 'ವೈಡ್ ಅವೇಕ್', ಅಂದರೆ 'ಪೂರ್ತಿ ಎಚ್ಚರ' ಎಂಬ ಮಾತಿನಂತೆ ಕೇಳುವುದರಿಂದ ನಾವಿಕರು ಆ ಹೆಸರಿನಿಂದಲೇ ಕರೆದರು. ಡೇರೆಯಲ್ಲಿ ಮಲಗಿದವರೂ ಹಾಗೆಯೇ ಇರಬೇಕಾಗುತ್ತದೆ, ಏಕೆಂದರೆ ಕೂಗು ರಾತ್ರಿಯಿಡೀ ನಿಲ್ಲುವುದಿಲ್ಲ. ಮರಿ ಮಾಡುವ ತಿಂಗಳುಗಳಲ್ಲಿ ಆ ದ್ವೀಪಕ್ಕೆ ಕಾಲಿಡುವುದು ನಿಷಿದ್ಧ. ಪಕ್ಷಿತಜ್ಞ ಆಡುಬಾನ್ 1832ರಲ್ಲಿ ಬಂದಾಗ ಇಲ್ಲಿಂದ ಮೊಟ್ಟೆಗಳನ್ನು ದೋಣಿಗಟ್ಟಲೆ ಒಯ್ದು ಮಾರುತ್ತಿದ್ದರು. 1908ರಲ್ಲಿ ಹಕ್ಕಿಗಳಿಗಾಗಿ ಈ ದ್ವೀಪಗಳನ್ನು ಕಾದಿಟ್ಟ ಮೇಲೆ ಅವು ಉಳಿದವು. ಅಂದು ಹಕ್ಕಿಗಳ ಮುಖ್ಯ ನೆಲೆಯಾಗಿದ್ದ ಬರ್ಡ್ ಕೀ ಎಂಬ ದ್ವೀಪ ಮಾತ್ರ ಉಳಿಯಲಿಲ್ಲ. ಚಂಡಮಾರುತಗಳ ಹೊಡೆತಕ್ಕೆ ಸವೆದು 1935ರ ವೇಳೆಗೆ ಅದು ಕಡಲಲ್ಲಿ ಕಣ್ಮರೆಯಾಯಿತು. ಹಕ್ಕಿಗಳು ಬುಷ್ ಕೀಗೆ ಸ್ಥಳ ಬದಲಿಸಿದವು.

ಮೋಡವಿಲ್ಲದ, ಚಂದ್ರನಿಲ್ಲದ ರಾತ್ರಿಯಲ್ಲಿ ಆಕಾಶಗಂಗೆ ದಿಗಂತದಿಂದ ದಿಗಂತಕ್ಕೆ ಸ್ಪಷ್ಟವಾಗಿ ಕಾಣುತ್ತದೆ. ನಗರದ ಬೆಳಕು ತಲುಪದಷ್ಟು ದೂರ ಇದು.

ದೋಣಿಯಲ್ಲಿ ಬರುವ ಇತರರು

ಈ ದಡಕ್ಕೆ ದೋಣಿಯಲ್ಲಿ ಬರುವವರೆಲ್ಲರೂ ರಜೆ ಕಳೆಯಲು ಬರುವವರಲ್ಲ. ದಕ್ಷಿಣಕ್ಕೆ ಕ್ಯೂಬಾ ಇದೆ. ಹಳೆಯ ತಗಡು, ಮರ, ವಾಹನದ ಎಂಜಿನ್ ಜೋಡಿಸಿ ತಾವೇ ಕಟ್ಟಿದ ದೋಣಿಗಳಲ್ಲಿ ವಲಸಿಗರು ದಶಕಗಳಿಂದ ಇಲ್ಲಿಗೆ ಬಂದಿಳಿದಿದ್ದಾರೆ. 2023ರ ಹೊಸ ವರ್ಷದ ಒಂದೆರಡು ದಿನಗಳಲ್ಲಿ ಸುಮಾರು 300 ಮಂದಿ ಬಂದಿಳಿದರು. ಅವರಿಗೆ ಆಹಾರ, ನೀರು, ಪ್ರಥಮ ಚಿಕಿತ್ಸೆ ಒದಗಿಸಿ ದಡಕ್ಕೆ ಸಾಗಿಸುವ ಸಲುವಾಗಿ ಉದ್ಯಾನವನ್ನು ಕೆಲ ದಿನ ಮುಚ್ಚಬೇಕಾಯಿತು. ಅಂಗಡಿಯೂ ನೀರೂ ಇಲ್ಲದ ದ್ವೀಪದಲ್ಲಿ 300 ಜನರ ಒಂದು ದಿನದ ಬಾಯಾರಿಕೆ ಎಂದರೆ ಮೇಲೆ ಹೇಳಿದ ಲೆಕ್ಕದಲ್ಲಿ ಸಾವಿರ ಲೀಟರ್ ಮೀರುತ್ತದೆ. ಪ್ರವಾಸಿಗರು 45 ಲೀಟರ್ ಹೊತ್ತು ತರುವ ದಡಕ್ಕೆ ಅವರು ಕಡಲು ದಾಟಿ ಬರಿಗೈಯಲ್ಲಿ ಬಂದಿದ್ದರು.

ಹೊರಡುವ ಮುನ್ನ

ದ್ವೀಪದಲ್ಲಿ ಆಸ್ಪತ್ರೆಯಿಲ್ಲ. ಗಂಭೀರ ಪೆಟ್ಟಾದರೆ ಹೊರಗಿನ ನೆರವು ಬರುವವರೆಗೆ ಕಾಯಬೇಕು. ನಿತ್ಯದ ಔಷಧಗಳನ್ನು ಹೆಚ್ಚುವರಿ ದಿನಕ್ಕೂ ಸೇರಿಸಿ ಒಯ್ಯಬೇಕು. ಬಿಸಿಲಿಗೆ ಟೋಪಿ, ತೋಳುದ್ದದ ಅಂಗಿ, ಡೇರೆಗೆ ಮರಳಿನಲ್ಲಿ ನಾಟುವ ಉದ್ದನೆಯ ಗೂಟಗಳು ಅಗತ್ಯ. ಗಾಳಿ ಅಲ್ಲಿ ಅತಿಥಿಯಲ್ಲ, ಮನೆಯವ. ಹಡಗಿನ ಎರಡು ಗಂಟೆ ಹಲವರಿಗೆ ಹೊಟ್ಟೆ ತೊಳಸುತ್ತದೆ; ಮಾತ್ರೆಯನ್ನು ಹತ್ತುವ ಮೊದಲೇ ನುಂಗಬೇಕು, ಹತ್ತಿದ ಮೇಲೆ ಪ್ರಯೋಜನ ಕಡಿಮೆ.

ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2004ರ ಆಗಸ್ಟ್‌ನಲ್ಲಿ 'ಚಾರ್ಲಿ' ಇದೇ ದ್ವೀಪಗಳ ಮೇಲೆ ಹಾದುಹೋಯಿತು. 2017ರ 'ಇರ್ಮಾ' ಕಂದಕದ ಗೋಡೆಯ ಒಂದು ಭಾಗವನ್ನು ಕೆಡವಿತು. ಚಳಿಗಾಲದಲ್ಲಿ ಉತ್ತರದ ಗಾಳಿ ಬೀಸಿ ಕಡಲು ಒರಟಾಗುತ್ತದೆ. ಹಕ್ಕಿಗಳನ್ನು ನೋಡಬಯಸುವವರಿಗೆ ಏಪ್ರಿಲ್ ಅತ್ಯುತ್ತಮ. ಖಂಡದಿಂದ ಖಂಡಕ್ಕೆ ಹಾರುವ ಪುಟ್ಟ ಹಕ್ಕಿಗಳು ಆಗ ದಣಿದು ಕೋಟೆಯ ಅಂಗಳದಲ್ಲಿ ಇಳಿಯುತ್ತವೆ.

ಹವಳದ ಮೇಲೆ ಕಾಲೂರುವುದು ಕೂಡದು. ಹವಳದ ಮಾಂಸವನ್ನೇ ಕರಗಿಸುವ ರೋಗವೊಂದು 2014ರಲ್ಲಿ ಮಯಾಮಿಯ ಬಳಿ ಕಾಣಿಸಿಕೊಂಡು, ಹಂತ ಹಂತವಾಗಿ ಹರಡಿ 2021ರಲ್ಲಿ ಇಲ್ಲಿಗೂ ತಲುಪಿತು. ಮುಳುಗುಗಾರರು ಒಂದೊಂದೇ ಹವಳಕ್ಕೆ ಆಂಟಿಬಯಾಟಿಕ್ ಲೇಪ ಹಚ್ಚಿ ಉಳಿಸಲು ಯತ್ನಿಸಿದ್ದಾರೆ. ಚರ್ಮಕ್ಕೆ ಹಚ್ಚುವ ಬಿಸಿಲುನಿರೋಧಕ ಲೇಪಗಳ ಕೆಲವು ರಾಸಾಯನಿಕಗಳು ಹವಳಕ್ಕೆ ಹಾನಿಕರವೆನ್ನಲಾಗಿದೆ. ಉದ್ದ ತೋಳಿನ ಈಜುಡುಪು ಧರಿಸಿದರೆ ಅವುಗಳ ಅಗತ್ಯವೇ ಕಡಿಮೆಯಾಗುತ್ತದೆ.

ದಿನಕ್ಕೆ ಹತ್ತೇ ಸ್ಥಾನಗಳಿರುವುದರಿಂದ ಶಿಬಿರವಾಸಿಗಳ ಟಿಕೆಟ್ ಹಲವು ತಿಂಗಳು ಮುಂಚೆಯೇ ಮುಗಿದುಹೋಗುತ್ತದೆ. ಹೋಗುವ ದಿನ ಮತ್ತು ಮರಳುವ ದಿನ ಎರಡನ್ನೂ ಹಡಗು ಸಂಸ್ಥೆಯಲ್ಲಿ ಮೊದಲು ನಿಗದಿಪಡಿಸಿಕೊಂಡು, ಅನಂತರವೇ ವಿಮಾನದ ಟಿಕೆಟ್ ಕೊಳ್ಳುವುದು ಕ್ಷೇಮ. ಹಡಗುಕಟ್ಟೆಯ ದುರಸ್ತಿ, ಚಂಡಮಾರುತದ ಹಾನಿ ಮುಂತಾದ ಕಾರಣಗಳಿಂದ ಶಿಬಿರ ಕೆಲಕಾಲ ಮುಚ್ಚಿರುವುದೂ ಉಂಟು. ಹೊರಡುವ ವಾರದಲ್ಲಿ ಉದ್ಯಾನದ ಪ್ರಕಟಣೆಯನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು. ನೀರಿನ ಕ್ಯಾನುಗಳನ್ನು ಕೀ ವೆಸ್ಟ್‌ನ ಅಂಗಡಿಗಳಲ್ಲಿ ಹಿಂದಿನ ಸಂಜೆಯೇ ಕೊಂಡಿಟ್ಟುಕೊಳ್ಳುವುದು ಒಳಿತು. ಶಿಬಿರವಾಸಿಗಳು ಇತರ ಪ್ರಯಾಣಿಕರಿಗಿಂತ ಮೊದಲೇ ಹಡಗುಕಟ್ಟೆಗೆ ಬಂದು ಸರಂಜಾಮನ್ನು ಒಪ್ಪಿಸಬೇಕಾಗಿರುವುದರಿಂದ, ಆ ಬೆಳಗಿನಲ್ಲಿ ಅಂಗಡಿ ಹುಡುಕಲು ಸಮಯವಿರುವುದಿಲ್ಲ.